ಬ್ಯಾಕಪ್ಪಿನಲ್ಲಿಲ್ಲದ ಖಾನೆ

ಅಪೂರ್ವ ನಮ್ಮ ಮೆಟ್ಟಿಲು ಹತ್ತಿ ಬಂದದ್ದು 2006ರ ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಆರು ಗಂಟೆಯ ರೈಲು. ಅಷ್ಟು ದೂರ ಬರುವವರು ಒಂದು ಜೊತೆ ಬಟ್ಟೆಯನ್ನಾದರೂ ತರುತ್ತಾರೆ. ಆಕೆಯ ಕೈಯಲ್ಲಿದ್ದದ್ದು ಒಂದು ಉದ್ದನೆಯ ನೋಟ್‌ಬುಕ್ಕು ಮತ್ತು ಒಂದು ಸಿ.ಡಿ. ಕೂತವಳು ನೀರು ಕೂಡ ಕೇಳಲಿಲ್ಲ.

"ಅಕ್ಕಾ, ಸೋಮವಾರ ನನ್ನ ಕೆಲಸ ಹೋಗ್ತೈತಿ. ಹೋದ್ರ ಹೋಗ್ಲಿ. ಆದ್ರ ಕಾಗದದಾಗ 'ಲ್ಯಾಬಿನ ಕಂಪ್ಯೂಟರ್ ಕೆಡಿಸಿ ರೋಗಿಗೆ ಅಪಾಯ ತಂದಳು' ಅಂತ ಬರೀತಾರಂತ. ಹಂಗ ಬರೆದ ಮ್ಯಾಲೆ ಯಾವ ಲ್ಯಾಬಿನವರೂ ನನ್ನನ್ನ ಒಳಗ ಬಿಡಂಗಿಲ್ಲ."

"ನೀನು ಕೆಡಿಸಿದ್ದೀಯಾ?" ಎಂದರು ಹೇಮಾಕ್ಷಿ.

"ಅದೇ ನನಗ ಗೊತ್ತಿಲ್ಲ. ಕೆಡಿಸಿಲ್ಲ ಅಂತ ಗಟ್ಟಿಯಾಗಿ ಹೇಳಾಕ ಬಾಯಿ ಬರವಲ್ದು. ಅದಕ್ಕ ಬಂದೆ."

ನಮ್ಮ ಮೆಟ್ಟಿಲು ಎಂದೆನಲ್ಲ, ಮನೆ ಹೇಮಾಕ್ಷಿಯವರದು. ತಿಪಟೂರಿನ ಕಡೆಯವರು, ತೆಲುಗಿನ ರೈಲ್ವೆ ನೌಕರರೊಬ್ಬರನ್ನು ಮದುವೆಯಾಗಿ ಬಂದು ಮೂವತ್ತು ವರ್ಷದಿಂದ ವಿಶಾಖಪಟ್ಟಣದ ಗೋಪಾಲಪಟ್ಟಣದಲ್ಲಿದ್ದಾರೆ. ಯಜಮಾನರು ತೀರಿಕೊಂಡ ಮೇಲೆ ಕೆಳಗಿನ ಟೈಪಿಂಗ್ ಶಾಲೆಯನ್ನು ಕಂಪ್ಯೂಟರ್ ಶಾಲೆ ಮಾಡಿದರು. ಪಾಠವೂ ಉಂಟು, ರಿಪೇರಿಯೂ ಉಂಟು. ಕಂಪ್ಯೂಟರ್ ಕೆಟ್ಟಿದೆ ಎಂದು ಬರುವವರಲ್ಲಿ ಅರ್ಧ ಜನರ ಕಂಪ್ಯೂಟರ್ ನೆಟ್ಟಗಿರುತ್ತದೆ, ಅದರ ಸುತ್ತಲಿನ ಮನುಷ್ಯರು ಕೆಟ್ಟಿರುತ್ತಾರೆ ಎಂಬುದು ಅವರ ಅನುಭವ. ಹಾಗೆ ಅವರು ಬಿಡಿಸಿದ ಗಂಟುಗಳನ್ನು ಬರೆದಿಡುವುದು ನನ್ನ ಕೆಲಸ. ನಾನು ಲಿಂಗರಾಜು, ಹಿರಿಯೂರಿನವನು, ಅವರ ಮಹಡಿಯ ಬಾಡಿಗೆದಾರ. ದುವ್ವಾಡದ ಒಂದು ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟದ ಕಾಗದಪತ್ರ ನೋಡುತ್ತೇನೆ. ಎಲ್ಲಕ್ಕೂ ಸಮಯ ಬರೆದು ಸಹಿ ಹಾಕಿಸಿಕೊಳ್ಳುವ ಚಾಳಿ ಅಲ್ಲಿಂದ ಅಂಟಿದ್ದು.

ಅಪೂರ್ವ ದಾವಣಗೆರೆಯ ಹುಡುಗಿ. ಎರಡು ವರ್ಷದ ಹಿಂದೆ ವಿಶಾಖಪಟ್ಟಣದಲ್ಲಿ ಲ್ಯಾಬ್ ತರಬೇತಿಗೆ ಬಂದಾಗ ಹೇಮಾಕ್ಷಿಯವರ ಬಳಿ ಕಂಪ್ಯೂಟರ್ ಕಲಿತಿದ್ದಳು. ಈಗ ಎಂಟು ತಿಂಗಳಿಂದ ವಿಜಯವಾಡದ ಒನ್ ಟೌನ್ ಎಂಬ ಹಳೇ ಪೇಟೆಯಲ್ಲಿ ಡಾಕ್ಟರ್ ಹೈಮಾವತಿ ಎಂಬವರ ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿದ್ದಳು. ಕಾಫಿ ಕುಡಿಸಿದ ಮೇಲೆ ಕಥೆ ಒಂದು ದಾರಿಗೆ ಬಂತು.

ರಕ್ತ ಪರೀಕ್ಷೆಯ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರಿಗೆ ಹೊಸ ತಂತ್ರಾಂಶ ಬಂದಿತ್ತು. ಆಗಸ್ಟ್ ಹದಿನೇಳು, ಗುರುವಾರ, ಅದನ್ನು ಹಾಕಿದರು. ಮರುದಿನ ಶ್ರಾವಣ ಶುಕ್ರವಾರ, ಶುರು ಮಾಡಬೇಕೆಂದರೆ ತಂತ್ರಾಂಶಕ್ಕೆ ಯಂತ್ರವೇ ಕಾಣಿಸಲಿಲ್ಲ. ಅಪೂರ್ವ ಯಂತ್ರದ ಕಂಪನಿಗೆ ಫೋನ್ ಮಾಡಿದಳು. ರಿಜಿಸ್ಟ್ರಿಯೊಳಗೆ ಹೋಗಿ ತಂತಿ ಸಿಕ್ಕಿಸಿದ ಜಾಗದ ಸಂಖ್ಯೆಯನ್ನು ಒಂದರಿಂದ ಎರಡಕ್ಕೆ ತಿದ್ದು ಎಂದರು. ರಿಜಿಸ್ಟ್ರಿ ಎಂದರೆ ಕಂಪ್ಯೂಟರ್ ತನ್ನ ಒಳಗಿನ ಏರ್ಪಾಡುಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಜಾಗ. ಅಲ್ಲಿ ನೂರಾರು ಖಾನೆಗಳು, ಪ್ರತಿ ಖಾನೆಯಲ್ಲೂ ಕೆಲವು ಸಂಖ್ಯೆ, ಹೆಸರು. ತಪ್ಪಾಗಿ ಕೈಯಾಡಿಸಿದರೆ ಕಂಪ್ಯೂಟರೇ ಮಲಗಬಹುದು.

"ನೀವು ಕಲಿಸಿದ್ದಿರಲ್ಲ, ಮುಟ್ಟೋಕೆ ಮೊದಲು ಬ್ಯಾಕಪ್ ತಗೋ ಅಂತ. ತಗೊಂಡೆ. ಒಂಬತ್ತೂ ಐವತ್ತು. ಇದೇ ಸಿ.ಡಿ.ಯಾಗೈತಿ. ಆಮೇಲೆ ಫೋನು ಹೆಗಲಿಗೂ ಕಿವಿಗೂ ನಡುವ ಸಿಗಿಸಿಕೊಂಡು ತಿದ್ದಿದೆ. ಅವರು ತೆಲುಗಿನಾಗ ಪಟಪಟ ಹೇಳ್ತಿದ್ರು. ಯಂತ್ರ ಕಾಣಿಸ್ತು. ಹತ್ತೂ ಕಾಲಿಗೆ ವಾರ್ಡಿಗೆ ರಕ್ತ ತಗಿಯಾಕ ಹೋದೆ. ಹೊಸ ತಂತ್ರಾಂಶದಾಗ ಆಗಿನ್ನೂ ಒಂದು ರಿಪೋರ್ಟೂ ಪ್ರಿಂಟ್ ಆಗಿರಲಿಲ್ಲ. ವಾಪಸ್ ಬಂದಾಗ ಹನ್ನೆರಡೂವರೆ."

ಹತ್ತು ದಿನ ಎಲ್ಲ ಸರಿ ನಡೆಯಿತು. ಚೌತಿಯ ಮರುದಿನ ಕಂಪನಿಯಿಂದ ಕೊರಿಯರಿನಲ್ಲಿ ಯಂತ್ರದ ದೀಪ ಬಂತು. ಈ ಯಂತ್ರ ರಕ್ತದ ಮೂಲಕ ಬೆಳಕು ಹಾಯಿಸಿ ಸಕ್ಕರೆ ಅಳೆಯುತ್ತದೆ, ವರ್ಷಕ್ಕೊಮ್ಮೆ ದೀಪ ಬದಲಿಸಬೇಕು. ಲ್ಯಾಬಿನ ಮೇಲ್ವಿಚಾರಕ ದಕ್ಷಿಣಾಮೂರ್ತಿಯವರು ತಾವೇ ಅದನ್ನು ಹಾಕಿದರು. ಅಲ್ಲಿಂದ ಸಕ್ಕರೆಯ ಅಂಕಿ ಎಲ್ಲರದ್ದೂ ಏರತೊಡಗಿತು. ಅಳತೆ ಸರಿಯಿದೆಯೇ ಎಂದು ನೋಡುವ ಪರೀಕ್ಷಾ ದ್ರವ ಆಗಲೇ ಮುಗಿದಿತ್ತು, ಹೊಸದು ಬಂದಿರಲಿಲ್ಲ. ಒನ್ ಟೌನಿನ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ತಾಯಿ ದುರ್ಗಾಂಬ, ಎಪ್ಪತ್ತರ ಮೇಲಿನ ವಯಸ್ಸು. ಅಂಕಿ ನೋಡಿ ಡಾಕ್ಟರು ಮಾತ್ರೆ ಹೆಚ್ಚಿಸಿದರು. ನಾಲ್ಕನೇ ದಿನ ಆಕೆ ಸಕ್ಕರೆ ಇಳಿದು ಬಚ್ಚಲಲ್ಲಿ ಬಿದ್ದರು. ಜೀವ ಉಳಿಯಿತು, ತೊಡೆಯ ಮೂಳೆ ಮುರಿಯಿತು.

"ಡಾಕ್ಟರಮ್ಮ ನನಗ 'ನೀನು ತಿದ್ದಿದ್ದನ್ನೆಲ್ಲ ಮೊದಲಿನ ಹಂಗೆ ಮಾಡು' ಅಂದ್ರು. ಬ್ಯಾಕಪ್ ಫೈಲಿನ ಮ್ಯಾಲೆ ಎರಡು ಸಲ ಒತ್ತಿದೆ. ತಂತಿಯ ಸಂಖ್ಯೆ ಮೊದಲಿನದಕ್ಕ ಹೋತು, ಯಂತ್ರ ಮತ್ತ ಕಾಣದಂಗಾತು. ಅಂದ್ರ ಬ್ಯಾಕಪ್ ಕೆಲಸ ಮಾಡೇತಿ. ಆದ್ರ ಅದನ್ನ ಮತ್ತ ಎರಡಕ್ಕ ತಿದ್ದಿ ನೋಡಿದ್ರ ಸಕ್ಕರೆ ಮಾತ್ರ ಹಂಗೇ ಐತಿ."

ಆಮೇಲೆ ಕಂಪನಿಯ ಎಂಜಿನಿಯರ್ ಸಾಯಿ ಬಂದು ಹುಡುಕಿದ. ತಂತ್ರಾಂಶದ ಜಾಗದಲ್ಲಿ 'ಅಡ್ಜಸ್ಟ್' ಎಂಬ ಹೊಸ ಖಾನೆ, ಅದರಲ್ಲಿ 1.18 ಎಂಬ ಸಂಖ್ಯೆ. ಪ್ರತಿ ಅಳತೆಯನ್ನೂ ತಂತ್ರಾಂಶ ಅದರಿಂದ ಗುಣಿಸುತ್ತಿತ್ತು. ನೂರು ಇದ್ದದ್ದು ನೂರ ಹದಿನೆಂಟು. ಅವನು ಇನ್ನೂ ಒಂದು ಮಾಡಿದ. ರಿಜಿಸ್ಟ್ರಿಯ ಖಾನೆಗಳನ್ನು ಬ್ಯಾಕಪ್ಪಾಗಿ ತೆಗೆಯದೆ ಮಾಮೂಲಿ ಬರಹವಾಗಿ ತೆಗೆದರೆ, ಪ್ರತಿ ಖಾನೆಯ ಜೊತೆಗೆ ಅದನ್ನು ಕೊನೆಯ ಸಲ ಬರೆದ ದಿನ, ಗಂಟೆ ಸಿಗುತ್ತದೆ. ಆಗಸ್ಟ್ ಹದಿನೆಂಟು, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ.

"ಹತ್ತೂ ಐದಕ್ಕ ಆ ಕುರ್ಚಿಯಾಗ ಕೂತಿದ್ದವಳು ನಾನೊಬ್ಬಳೇ, ಅಕ್ಕಾ," ಎಂದಳು ಅಪೂರ್ವ. ಆಗ ಮಾತ್ರ ಅವಳ ದನಿ ಒಡೆಯಿತು.

ಹೇಮಾಕ್ಷಿ ಸಿ.ಡಿ. ಹಾಕಿ ಬ್ಯಾಕಪ್ ಫೈಲನ್ನು ಓದಿದರು. ಅದರಲ್ಲಿ 'ಅಡ್ಜಸ್ಟ್' ಖಾನೆ ಇರಲಿಲ್ಲ. "ಒಂಬತ್ತೂ ಐವತ್ತಕ್ಕೆ ಇರಲಿಲ್ಲ ಅಂತ ಆಯ್ತು," ಎಂದರು. ಅದು ಅವಳಿಗೆ ಅನುಕೂಲವೋ ಅನನುಕೂಲವೋ ನನಗೆ ತಿಳಿಯಲಿಲ್ಲ. ಆಮೇಲೆ ನೋಟ್‌ಬುಕ್ಕನ್ನು ಪುಟ ಪುಟವಾಗಿ ತಿರುಗಿಸಿದರು. ಪರೀಕ್ಷಾ ದ್ರವ ನೂರು ತೋರಿಸಬೇಕು. ಗುರುವಾರ ಅಪೂರ್ವ ಬರೆದದ್ದು 85. ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಬರೆದದ್ದು 100, ಪಕ್ಕದಲ್ಲಿ 'ಎಂಜಿನಿಯರ್ ಸರಿ ಮಾಡಿದರು' ಎಂದು. ವಾರ್ಡಿನ ಪುಟದಲ್ಲಿ ಆ ಬೆಳಗಿನ ಮೊದಲ ಹೆಸರು ಕಾಳಮ್ಮ, ರಕ್ತ ತೆಗೆದ ಹೊತ್ತು 10.20.

"ಗಂಟೆ ಬರೆಯೋದು ನಿನ್ನ ಕೈಗಡಿಯಾರ ನೋಡಿಕೊಂಡಾ?"

"ಹೂಂ ಅಕ್ಕಾ. ವಾರ್ಡಿನಾಗ ಕಂಪ್ಯೂಟರ್ ಎಲ್ಲೈತಿ?"

"ಲಿಂಗರಾಜು, ನಾಳೆ ಬೆಳಗಿನ ರೈಲಿಗೆ ಮೂರು ಟಿಕೆಟ್ ನೋಡು," ಎಂದರು ಹೇಮಾಕ್ಷಿ.

ಭಾನುವಾರ ನಡು ಮಧ್ಯಾಹ್ನಕ್ಕೆ ವಿಜಯವಾಡ. ಸೆಪ್ಟೆಂಬರಿನಲ್ಲೂ ಆ ಊರಿನ ಸೆಖೆ ಬೇರೆ ಜಾತಿಯದು. ಒನ್ ಟೌನಿನ ಸಗಟು ಅಂಗಡಿಗಳು ರಜೆಯಲ್ಲಿದ್ದವು, ಮೆಣಸಿನಕಾಯಿಯ ಘಾಟಿಗೆ ರಜೆ ಇರಲಿಲ್ಲ. ನಾನು ಸೀನುತ್ತಲೇ ನರ್ಸಿಂಗ್ ಹೋಮ್ ಮುಟ್ಟಿದೆ.

ಡಾಕ್ಟರ್ ಹೈಮಾವತಿ ಐವತ್ತರ ಆಸುಪಾಸಿನವರು, ಮಾತು ಕಡಿಮೆ. ನಮಗೆ ನಾಲ್ಕೂವರೆಗೆ ಸಮಯ ಕೊಟ್ಟಿದ್ದರು. ಅವರ ಮಾತೆಲ್ಲ ತೆಲುಗು, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ನಿಮ್ಮನ್ನು ಕರೆತರಲಾ ಅಂತ ಹುಡುಗಿ ಕೇಳಿದಳು, ಒಪ್ಪಿದೆ. ಆ ಖಾನೆಯನ್ನು ಯಾರೂ ಮುಟ್ಟಬಾರದು ಅಂತ ಹೇಳಿದ್ದೇನೆ, ರಕ್ತವನ್ನು ಬೇರೆ ಲ್ಯಾಬಿಗೆ ಕಳಿಸುತ್ತಿದ್ದೇನೆ. ನೋಡಿ. ನಾಳೆ ಹತ್ತಕ್ಕೆ ಎಲ್ಲರೂ ಇರುತ್ತಾರೆ, ನಾನು ಸಹಿ ಹಾಕುತ್ತೇನೆ."

"ಹಾಕುವ ಮೊದಲು ಹತ್ತು ನಿಮಿಷ ನನಗೆ ಕೊಡಿ," ಎಂದರು ಹೇಮಾಕ್ಷಿ. ಡಾಕ್ಟರು ಒಪ್ಪಿ, ಕಾಗದಗಳ ಕಟ್ಟು ಕೊಟ್ಟು ಹೊರಟರು.

ಲ್ಯಾಬಿನಲ್ಲಿ ದಕ್ಷಿಣಾಮೂರ್ತಿ ಕಾಯುತ್ತಿದ್ದರು. ಇಲ್ಲಿ ಮೂವತ್ತೊಂದು ವರ್ಷದ ಸರ್ವಿಸು. ಹಣೆಯಲ್ಲಿ ದೊಡ್ಡ ಕುಂಕುಮ, ಜೇಬಿನಲ್ಲಿ ಪುಟ್ಟ ಪಂಚಾಂಗ. ತಾಯಿ ಬಳ್ಳಾರಿಯವರಂತೆ, ಹಾಗಾಗಿ ಕನ್ನಡ ಬರುತ್ತಿತ್ತು, ನಡುನಡುವೆ ತೆಲುಗಿನ ಮರ್ಯಾದೆಯ 'ಅಂಡಿ' ತೂರಿಕೊಂಡು.

"ಬನ್ನಿ ಅಂಡಿ, ಕೂತ್ಕೊಳ್ಳಿ. ಟೀ ತರಿಸ್ತೀನಿ. ಕಂಪ್ಯೂಟರ್ ಆರು ಗಂಟೆ ಮೇಲೆ ತೆಗಿಯೋಣಾ."

"ಈಗಲೇ ತೆಗೆದರೆ?" ಎಂದೆ.

"ಬೇಡ ಅಂಡಿ. ಆರಾಗಲಿ. ಹೊಸದಾಗಿ ಒಂದು ಕೆಲಸ ಶುರು ಮಾಡ್ತಾ ಇದ್ದೀರಿ."

ಒಂದೂವರೆ ಗಂಟೆ ಟೀ ಕುಡಿಯುತ್ತ ಕೂರುವುದೆಂದರೆ ನನಗೆ ಸಿಟ್ಟು ಬಂತು. ಹೇಮಾಕ್ಷಿಗೆ ಬರಲಿಲ್ಲ. ಅವರು ಲ್ಯಾಬಿನಲ್ಲಿ ಅಡ್ಡಾಡತೊಡಗಿದರು. ಕಂಪ್ಯೂಟರಿನ ಪರದೆಯ ಅಂಚಿಗೆ ಚೀಟಿ ಅಂಟಿಸಿ ಅದರ ಮೇಲೆ ಪಾಸ್‌ವರ್ಡ್ ಬರೆದಿತ್ತು. ಇಡೀ ಲ್ಯಾಬಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡು. ಯಾರು ಬರೆದರು ಎಂದು ಕಂಪ್ಯೂಟರನ್ನು ಕೇಳಿ ಉಪಯೋಗವಿರಲಿಲ್ಲ. ಗೋಡೆಯಲ್ಲಿ ಕನಕದುರ್ಗೆಯ ಪಟ, ಅದರ ಕೆಳಗೆ ಗಾಜಿನ ಹಿಂದೆ ಒಂದು ರಿಪೋರ್ಟು, ನಾಲ್ಕು ಮೂಲೆಗೂ ಅರಿಶಿನ.

"ಹೊಸ ತಂತ್ರಾಂಶದ ಮೊದಲನೇ ರಿಪೋರ್ಟು ಅಂಡಿ. ಅಮ್ಮನ ಪಾದಕ್ಕೆ ಇಟ್ಟಿದ್ದು," ಎಂದರು ದಕ್ಷಿಣಾಮೂರ್ತಿ.

ಅಭ್ಯಾಸಬಲದಿಂದ ನಾನು ಅದನ್ನೂ ಬರೆದುಕೊಂಡೆ. ಕಾಳಮ್ಮ, ಸ್ತ್ರೀ, ನಲವತ್ತೆಂಟು, ಹದಿನೆಂಟನೇ ಆಗಸ್ಟ್, 9.52.

"ಹಳೇ ದೀಪ ಏನು ಮಾಡಿದಿರಿ?" ಎಂದು ಕೇಳಿದರು ಹೇಮಾಕ್ಷಿ.

"ನಾನು ಏನೂ ಬಿಸಾಡೋನಲ್ಲ ಅಂಡಿ." ಅವರು ಮೇಜಿನ ಸೆಳೆಖಾನೆಯಿಂದ ರಟ್ಟಿನ ಪೆಟ್ಟಿಗೆ ತೆಗೆದರು. ಒಳಗೆ ಗಾಜು ಕಪ್ಪಾದ ಪುಟ್ಟ ದೀಪ. ಅದರ ಬುಡದಲ್ಲಿ ಮಾರ್ಕರ್ ಪೆನ್ನಿನಲ್ಲಿ 12-7-05. ದೀಪ ಹಾಕಿದ ದಿನವನ್ನು ಬುಡದಲ್ಲಿ ಬರೆಯುವುದು ಆ ಲ್ಯಾಬಿನ ರೂಢಿ.

ಕಾಗದದ ಕಟ್ಟಿನಲ್ಲಿ ಗೇಟಿನ ಪುಸ್ತಕದ ಪ್ರತಿ ಇತ್ತು. ಆ ಶುಕ್ರವಾರ ಸಾಯಿ ಒಳಗೆ ಬಂದದ್ದು 10.30, ಹೊರಗೆ ಹೋದದ್ದು 12.30. ಅವನ ಸರ್ವಿಸ್ ರಿಪೋರ್ಟು ಇತ್ತು: ಶುಚಿ ಮಾಡಿದೆ, ಹೊಸ ದೀಪ ಹಾಕಿದೆ, ಅಳತೆ ಸರಿಯಿದೆ, ಯಂತ್ರ ಒಪ್ಪಿಸಿದೆ. ಕೆಳಗೆ ದಕ್ಷಿಣಾಮೂರ್ತಿಯವರ ಸಹಿ; ಎಂದಿನಂತೆ ಓದದೆ ಹಾಕಿದ್ದು ಎಂದರು.

ಆರಕ್ಕೆ ಸರಿಯಾಗಿ ದಕ್ಷಿಣಾಮೂರ್ತಿ ಕಂಪ್ಯೂಟರ್ ಚಾಲೂ ಮಾಡಿದರು. ಹೇಮಾಕ್ಷಿ ನೋಡಿದರು. ಖಾನೆ ಇತ್ತು, 1.18 ಇತ್ತು, ಬರಹವಾಗಿ ತೆಗೆದರೆ ಹತ್ತು ಗಂಟೆ ಐದು ನಿಮಿಷವೂ ಇತ್ತು. ಸಾಯಿ ತೋರಿಸಿದ ಕಾಗದದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

"ಅವಳೇ ಮಾಡಿದ್ದಾ?" ಎಂದೆ, ಅಪೂರ್ವ ಹೊರಗಿದ್ದಾಗ.

"ನೀನು ಬರೆದುಕೊಂಡದ್ದನ್ನ ಒಂದು ಸಲ ಓದಪ್ಪ," ಎಂದರು. ಓದಿದೆ. ನನಗೆ ಏನೂ ಹೊಳೆಯಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

ಸೋಮವಾರ ಹತ್ತಕ್ಕೆ ಲ್ಯಾಬಿನಲ್ಲೇ ಎಲ್ಲರೂ ಸೇರಿದರು. ಡಾಕ್ಟರ ಮುಂದೆ ಟೈಪಾದ ಕಾಗದ, ಅದರ ಮೇಲೆ ಪೆನ್ನು. ಸಾಯಿಯನ್ನು ನಾನು ನೋಡಿದ್ದು ಆಗಲೇ. ಮೂವತ್ತರ ಒಳಗಿನವನು, ಇಸ್ತ್ರಿ ಅಂಗಿ, ಎಲ್ಲರಿಗೂ ಎದ್ದು ನಮಸ್ಕಾರ. ಅಪೂರ್ವ ಬಾಗಿಲ ಹತ್ತಿರ ನಿಂತಿದ್ದಳು. ಕೂರು ಎಂದರೂ ಕೂರಲಿಲ್ಲ.

"ಮೊದಲು ಒಂದು ಚಿಕ್ಕ ವಿಷಯ," ಎಂದು ಹೇಮಾಕ್ಷಿ ತೆಲುಗಿನಲ್ಲಿ ಶುರು ಮಾಡಿದರು. "ಬ್ಯಾಕಪ್ ಹಾಕಿದರೂ ತೊಂದರೆ ಹೋಗಲಿಲ್ಲ, ಆದ್ದರಿಂದ ಈ ಹುಡುಗಿಯ ಬ್ಯಾಕಪ್ಪೇ ಸರಿಯಿಲ್ಲ ಅಂತ ಎಲ್ಲರೂ ಅಂದುಕೊಂಡಿರಿ. ಅವಳೂ ಅಂದುಕೊಂಡಳು. ಅಡುಗೆಮನೆಯ ಸಾಂಬಾರ ಡಬ್ಬಿ ಇದೆ. ಅದರಲ್ಲಿ ಏನೇನು ಎಷ್ಟೆಷ್ಟು ಇದೆ ಅಂತ ಚೀಟಿ ಬರೆದಿಟ್ಟೆ. ನಾಳೆ ಯಾರೋ ಅದರೊಳಗೆ ಹೊಸ ಬಟ್ಟಲು ಇಟ್ಟರು. ಚೀಟಿ ನೋಡಿ ನಾನು ಸಾಸಿವೆ, ಜೀರಿಗೆ ಸರಿಮಾಡುತ್ತೇನೆ. ಹೊಸ ಬಟ್ಟಲಿನ ಮಾತು ಚೀಟಿಯಲ್ಲೇ ಇಲ್ಲ, ಅದು ಅಲ್ಲೇ ಉಳಿಯುತ್ತದೆ. ರಿಜಿಸ್ಟ್ರಿಯ ಬ್ಯಾಕಪ್ಪೂ ಹಾಗೇ. ತನಗೆ ಗೊತ್ತಿರುವ ಖಾನೆಗಳನ್ನು ಹಿಂದಿನಂತೆ ತುಂಬುತ್ತದೆ, ಆಮೇಲೆ ಸೇರಿಕೊಂಡದ್ದನ್ನು ತೆಗೆಯುವುದಿಲ್ಲ. ಬ್ಯಾಕಪ್ ಸರಿಯಾಗಿಯೇ ಇತ್ತು. ಒಂಬತ್ತೂ ಐವತ್ತರ ನಂತರ ಯಾರೋ ಹೊಸ ಖಾನೆ ಮಾಡಿದ್ದಾರೆ ಅಂತ ಅದೇ ಹೇಳುತ್ತಿದೆ."

"ನಾನೂ ಅದನ್ನೇ ಹೇಳಿದ್ದು ಮೇಡಂ," ಎಂದ ಸಾಯಿ ವಿನಯದಿಂದ. "ಹತ್ತೂ ಐದಕ್ಕೆ. ನಾನು ಗೇಟು ದಾಟಿದ್ದು ಹತ್ತೂವರೆಗೆ."

"ಹೌದು. ಈಗ ಗಂಟೆ ಎಷ್ಟು?"

"ಹತ್ತೂ ಹನ್ನೆರಡು."

ಹೇಮಾಕ್ಷಿ ಕಂಪ್ಯೂಟರಿನ ಮುಂದೆ ಕೂತರು. ಪರದೆಯ ಮೂಲೆಯ ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸಿದರು. ರಿಜಿಸ್ಟ್ರಿಯಲ್ಲಿ ಬೇರೊಂದು ಕಡೆ 'ಕಾಫಿ' ಎಂಬ ಖಾನೆ ಮಾಡಿ, ಅದನ್ನು ಬರಹವಾಗಿ ಮುದ್ರಿಸಿ, ಗಡಿಯಾರ ಸರಿಮಾಡಿ, ಕಾಗದವನ್ನು ಡಾಕ್ಟರ ಕೈಗಿತ್ತರು. ಒಂಬತ್ತು ಗಂಟೆ ಹದಿಮೂರು ನಿಮಿಷ ಎಂದಿತ್ತು.

"ಈ ಕಾಗದದ ಪ್ರಕಾರ ನಾನು ಇದನ್ನು ಮಾಡಿದಾಗ ನಾವ್ಯಾರೂ ಇಲ್ಲಿರಲಿಲ್ಲ. ನಾನು ಇನ್ನೂ ಲಾಡ್ಜಿನಲ್ಲಿ ಇಡ್ಲಿ ತಿನ್ನುತ್ತಿದ್ದೆ."

ಡಾಕ್ಟರು ಕಾಗದವನ್ನೇ ನೋಡುತ್ತ ಕೇಳಿದರು: "ಗಡಿಯಾರವನ್ನು ಯಾರು ಯಾಕೆ ತಿರುಗಿಸುತ್ತಾರೆ?"

ಹೇಮಾಕ್ಷಿ ಎದ್ದು, ದುರ್ಗೆಯ ಪಟದ ಕೆಳಗಿನ ರಿಪೋರ್ಟನ್ನು ಇಳಿಸಿ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಅಪೂರ್ವಳ ನೋಟ್‌ಬುಕ್ಕು.

"ಕಾಳಮ್ಮನ ರಕ್ತ ತೆಗೆದದ್ದು ಹತ್ತೂ ಇಪ್ಪತ್ತಕ್ಕೆ, ವಾರ್ಡಿನಲ್ಲಿ, ಕೈಗಡಿಯಾರದ ಲೆಕ್ಕ. ಅದೇ ರಕ್ತದ ರಿಪೋರ್ಟು ಇಲ್ಲಿ ಮುದ್ರಣವಾದದ್ದು ಒಂಬತ್ತೂ ಐವತ್ತೆರಡಕ್ಕೆ. ರಕ್ತ ತೆಗೆಯುವುದಕ್ಕೆ ಇಪ್ಪತ್ತೆಂಟು ನಿಮಿಷ ಮೊದಲೇ ರಿಪೋರ್ಟು. ಹತ್ತೂ ಕಾಲಿಗೆ ವಾರ್ಡಿಗೆ ಹೋಗುವಾಗ ಒಂದು ರಿಪೋರ್ಟೂ ಆಗಿರಲಿಲ್ಲ ಅಂತ ಅಪೂರ್ವ ಮೊದಲ ದಿನವೇ ಹೇಳಿದ್ದಳು. ಅಂದಮೇಲೆ ತಪ್ಪಿರುವುದು ಕಂಪ್ಯೂಟರಿನ ಗಡಿಯಾರ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ಏನು, ದಕ್ಷಿಣಾಮೂರ್ತಿ ಗಾರು?"

ನನಗೆ ಭಾನುವಾರದ ಟೀ ನೆನಪಾಯಿತು. ನಾಲ್ಕೂವರೆಯಿಂದ ಆರು.

ದಕ್ಷಿಣಾಮೂರ್ತಿ ಕನ್ನಡಕ ತೆಗೆದು ಒರೆಸಿದರು. "ರಾಹುಕಾಲ," ಎಂದರು.

"ಮೊದಲನೇ ರಿಪೋರ್ಟು ರಾಹುಕಾಲಕ್ಕೆ ಮುಂಚೆ ಆಗಬೇಕು ಅಂತ ಇದ್ದೆ ಅಂಡಿ. ಯಂತ್ರ ಕಾಣಿಸಲಿಲ್ಲ, ಹೊತ್ತು ಹೋಯಿತು. ವಾರ್ಡಿನಿಂದ ರಕ್ತ ಬಂದಾಗ ಹತ್ತೂ ಮುಕ್ಕಾಲು. ರೋಗಿಗಳನ್ನ ಹನ್ನೆರಡರವರೆಗೆ ಕಾಯಿಸೋಕೆ ಆಗಲ್ಲ. ರಿಪೋರ್ಟಿನ ಮೇಲೆ ಆ ಹೊತ್ತು ಬೀಳೋದೂ ನನಗೆ ಬೇಡ. ಯಂತ್ರಕ್ಕೆ ಅದರ ಗಡಿಯಾರ ತೋರಿಸಿದ್ದೇ ಹೊತ್ತು, ಅಲ್ಲವಾ ಅಂತ... ಒಂದು ಗಂಟೆ ಹಿಂದೆ ಹಾಕಿದೆ. ಹನ್ನೆರಡೂ ಐದಕ್ಕೆ ಸರಿ ಮಾಡಿದೆ."

"ಹಾಗಾದರೆ ಕಂಪ್ಯೂಟರಿನ ಹತ್ತೂ ಐದು ಎಂದರೆ ನಿಜವಾಗಿ ಹನ್ನೊಂದೂ ಐದು," ಎಂದರು ಹೇಮಾಕ್ಷಿ. "ಆಗ ಅಪೂರ್ವ ವಾರ್ಡಿನಲ್ಲಿದ್ದಳು. ಹನ್ನೆರಡೂವರೆವರೆಗೂ ಅಲ್ಲೇ ಇದ್ದಳು, ನೋಟ್‌ಬುಕ್ಕಿನಲ್ಲಿ ಹೆಸರು ಹೆಸರಿಗೂ ಗಂಟೆ ಇದೆ."

ಡಾಕ್ಟರು ದಕ್ಷಿಣಾಮೂರ್ತಿಯವರ ಕಡೆ ತಿರುಗಿದರು. "ಇದನ್ನು ನನಗೆ ಯಾಕೆ ಹೇಳಲಿಲ್ಲ?"

"ಮೊದಲು, ನೀವು ನಗ್ತೀರಿ ಅಂತ. ಆಮೇಲೆ ಸಾಯಿ ಹತ್ತೂ ಐದರ ಕಾಗದ ತಂದಾಗ ಗೊತ್ತಾಯಿತು, ಹುಡುಗಿ ಮೇಲೆ ಬೀಳ್ತಾ ಇದೆ ಅಂತ. ರಿಪೋರ್ಟಿನ ಸಮಯ ತಿದ್ದಿದವನು ಅಂತ ನನ್ನನ್ನೇ ತೆಗೀತಾರೆ ಅನ್ನಿಸಿತು. ಮೂವತ್ತೊಂದು ವರ್ಷ ಅಂಡಿ."

ನನಗೆ ಆ ಮನುಷ್ಯನ ಮೇಲೆ ಬಂದಷ್ಟು ಸಿಟ್ಟು ಸಾಯಿಯ ಮೇಲೂ ಬರಲಿಲ್ಲ. ಭಾನುವಾರ ಅಪೂರ್ವಳಿಗೆ ಟೀ ತರಿಸಿಕೊಟ್ಟವರು ಇವರೇ, ಸಕ್ಕರೆ ಸಾಕಾ ಅಮ್ಮ ಎಂದು ಕೇಳಿದವರೂ ಇವರೇ.

ಸಾಯಿ ಇನ್ನೂ ಸೋತಿರಲಿಲ್ಲ. "ಗಡಿಯಾರದ ವಿಷಯ ಸರಿ ಮೇಡಂ. ಆದರೆ ಹನ್ನೊಂದೂ ಐದಕ್ಕೆ ಇಲ್ಲಿ ನಾವಿಬ್ಬರಿದ್ದೆವು. ನಾನೇ ಅಂತ ಹೇಗೆ? ನನಗೆ ಅದರಿಂದ ಏನು ಲಾಭ?"

"ಅದಕ್ಕೇ ದೀಪ," ಎಂದು ಹೇಮಾಕ್ಷಿ ರಟ್ಟಿನ ಪೆಟ್ಟಿಗೆ ತೆರೆದರು. "ಗುರುವಾರ ಪರೀಕ್ಷಾ ದ್ರವ ನೂರರ ಬದಲು ಎಂಬತ್ತೈದು ತೋರಿಸಿತ್ತು. ದೀಪ ಸೊರಗಿತ್ತು. ಶುಕ್ರವಾರ ನೀವು ಹೋದ ಮೇಲೆ ನೂರು ತೋರಿಸಿತು. ಹೊಸ ದೀಪ ಹಾಕಿದೆ ಅಂತ ನಿಮ್ಮ ರಿಪೋರ್ಟು. ಚೌತಿಯ ಮರುದಿನ ಇವರು ಯಂತ್ರದಿಂದ ಹೊರಗೆ ತೆಗೆದ ದೀಪ ಇದು. ಬುಡದಲ್ಲಿ ತಾರೀಖು ಓದಿ."

ಸಾಯಿ ಓದಲಿಲ್ಲ. ಡಾಕ್ಟರು ಓದಿದರು. "ಹೋದ ವರ್ಷದ ಜುಲೈ."

"ಹಳೇ ದೀಪವೇ ಒಳಗಿತ್ತು. ಹಳೇ ದೀಪದಲ್ಲಿ ಎಂಬತ್ತೈದು ನೂರಾಗಬೇಕಾದರೆ ಯಾರಾದರೂ ಗುಣಿಸಬೇಕು. ಎಂಬತ್ತೈದನ್ನು 1.18ರಿಂದ ಗುಣಿಸಿ, ನೂರು ಬರುತ್ತದೆ. ಆ ಹೆಸರಿನ ಖಾನೆ ಮಾಡಿದರೆ ತಂತ್ರಾಂಶ ಗುಣಿಸುತ್ತದೆ ಅನ್ನುವುದು ಕಂಪನಿಯವರಿಗಲ್ಲದೆ ಇನ್ಯಾರಿಗೆ ಗೊತ್ತು? ಹತ್ತು ದಿನ ದೀಪ ಸೊರಗಿದ್ದಕ್ಕೂ ಗುಣಿಸಿದ್ದಕ್ಕೂ ಸರಿಹೋಯಿತು. ಹೊಸ ದೀಪ ಬಂತು, ಗುಣಿಸುವುದು ನಿಲ್ಲಲಿಲ್ಲ. ದುರ್ಗಾಂಬ ಬಿದ್ದರು."

"ಗಡಿಯಾರ ಎಲ್ಲಿ ತಿರುಗಿಸಬೇಕು ಅಂತ ತೋರಿಸಿಕೊಟ್ಟವರೂ ಅವರೇ ಅಂಡಿ," ಎಂದರು ದಕ್ಷಿಣಾಮೂರ್ತಿ ಮೆಲ್ಲಗೆ. "ನನಗೆಲ್ಲಿ ಬರುತ್ತೆ ಅದು."

ಸಾಯಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಆಮೇಲೆ ಅವನು ಹೇಳಿದ್ದು ದೊಡ್ಡ ಕತೆಯೇನಲ್ಲ. ಈ ಲ್ಯಾಬಿಗೆಂದು ತಂದ ದೀಪವನ್ನು ಹಿಂದಿನ ದಿನ ಏಲೂರಿನಲ್ಲಿ ಬೇರೆ ಯಂತ್ರಕ್ಕೆ ಹಾಕಿಬಿಟ್ಟಿದ್ದ. ಶುಕ್ರವಾರವೇ ಒಪ್ಪಿಸಿ ಸಹಿ ತರಬೇಕೆಂದು ಮೇಲಿನವರ ಒತ್ತಾಯ. ದೀಪ ತರಿಸಿದ ಮೇಲೆ ತಾನೇ ಬಂದು ಹಾಕಿ, ಆ ಸಂಖ್ಯೆಯನ್ನು ಅಳಿಸಿಬಿಡುವುದು ಅವನ ಯೋಚನೆ. ಆದರೆ ಕೊರಿಯರಿನವನು ದೀಪವನ್ನು ನೇರವಾಗಿ ಲ್ಯಾಬಿಗೆ ಕೊಟ್ಟ, ದಕ್ಷಿಣಾಮೂರ್ತಿ ಹಾಕಿಬಿಟ್ಟರು.

"ಅಷ್ಟು ಹೊತ್ತಿಗೆ ಹೇಳಬಹುದಿತ್ತು," ಎಂದರು ಡಾಕ್ಟರು.

"ಹೇಳೋಣ ಅಂತಲೇ ಬಂದೆ ಮೇಡಂ. ಸಮಯ ನೋಡಿದೆ. ಹತ್ತೂ ಐದು ಅಂತ ಇತ್ತು, ನಾನು ಗೇಟು ದಾಟುವ ಮೊದಲಿನ ಹೊತ್ತು."

ಡಾಕ್ಟರ್ ಹೈಮಾವತಿ ಮುಂದಿದ್ದ ಕಾಗದವನ್ನು ಎರಡಾಗಿ ಹರಿದು, ಆ ತುಂಡುಗಳನ್ನೂ ಹರಿದರು. ಸಾಯಿ ಈಗ ಹೇಳಿದ್ದನ್ನೆಲ್ಲ ಬರೆದು ಸಹಿ ಮಾಡಬೇಕೆಂದರು. ನಾನು ಪೆನ್ನು ಕೊಟ್ಟೆ. ಆಮೇಲೆ ಅವರು ಎದ್ದು ಬಾಗಿಲ ಬಳಿ ಹೋಗಿ, ಅಪೂರ್ವಳ ಎದುರು ನಿಂತು, ನಾನು ತಪ್ಪು ಮಾಡಿದೆ ಎಂದು ಕನ್ನಡದಲ್ಲೇ ಹೇಳಿದರು. ಆ ಮೂರು ಪದ ಅವರು ಯಾವಾಗ ಕಲಿತಿದ್ದರೋ. "ದುರ್ಗಾಂಬ ಗಾರಿಗೆ ನಾನೇ ಹೋಗಿ ಹೇಳುತ್ತೇನೆ. ಮಾತ್ರೆ ಬರೆದದ್ದು ನನ್ನ ಕೈ," ಎಂದು ಸೇರಿಸಿದರು.

ಅಪೂರ್ವ ಅಳಲಿಲ್ಲ. "ನಾನು ಮಾಡಿಲ್ಲ," ಎಂದಳು, ಯಾರಿಗೂ ಹೇಳಿದಂತಿರಲಿಲ್ಲ. ಆಮೇಲೆ ಮೊದಲ ಸಲ ಕೂತಳು.

"ಆ ಖಾನೆ ನೀನೇ ಅಳಿಸು," ಎಂದರು ಹೇಮಾಕ್ಷಿ.

ಅವಳು ಹಿಂದೆಮುಂದೆ ನೋಡಿದಳು. ಹದಿನೈದು ದಿನದಿಂದ ಅವಳು ಆ ಕೀಲಿಮಣೆ ಮುಟ್ಟಿರಲಿಲ್ಲವಂತೆ. ಕುರ್ಚಿ ಎಳೆದುಕೊಂಡಳು, ರಿಜಿಸ್ಟ್ರಿ ತೆರೆದಳು, 'ಅಡ್ಜಸ್ಟ್' ಖಾನೆಯ ಮೇಲೆ ಬಂದಳು. ಅಲ್ಲಿ ನಿಂತು, ಅಳಿಸುವ ಮೊದಲು, ಬ್ಯಾಕಪ್ ತೆಗೆದುಕೊಂಡಳು. ಹೇಮಾಕ್ಷಿ ನನ್ನ ಕಡೆ ನೋಡಿದರು; ತಮ್ಮ ಶಿಷ್ಯರ ಬಗ್ಗೆ ಅವರಿಗೆ ಅಷ್ಟು ಹೆಮ್ಮೆ ಬಂದದ್ದನ್ನು ನಾನು ಇನ್ನೊಂದು ಸಲ ಕಂಡಿಲ್ಲ.

ಖಾನೆ ಹೋಯಿತು. ಅಂದು ಬೆಳಿಗ್ಗೆಯಷ್ಟೇ ಬಂದಿದ್ದ ಪರೀಕ್ಷಾ ದ್ರವವನ್ನು ಅಪೂರ್ವ ಯಂತ್ರಕ್ಕೆ ಹಾಕಿದಳು. ಎರಡು ನಿಮಿಷ ಹಿಡಿಯಿತು. ನೂರು ಬಂತು. ನೋಟ್‌ಬುಕ್ಕಿನಲ್ಲಿ 100 ಎಂದು ಬರೆದು, ಪರದೆಯ ಕಡೆ ನೋಡದೆ, ಕೈಗಡಿಯಾರ ನೋಡಿ ಗಂಟೆ ಬರೆದಳು.

ನಾವು ಹೊರಡುವಾಗ ದಕ್ಷಿಣಾಮೂರ್ತಿ ಮೇಜಿನ ಮೇಲೆ ಕಾಳಮ್ಮನ ರಿಪೋರ್ಟು ಇಟ್ಟುಕೊಂಡು ಕೂತಿದ್ದರು. ಗಾಜು ತೆಗೆದಿದ್ದರು. 9.52 ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ದುಂಡಗೆ 10.52 ಎಂದು ಬರೆದು ಸಹಿ ಹಾಕಿದರು. ಆಮೇಲೆ ಅದನ್ನು ತಿರುಗಿಸಿ ಅಪೂರ್ವಳ ಮುಂದೆ ತಳ್ಳಿದರು.

"ತಿದ್ದಿದ್ದಕ್ಕೆ ಸಾಕ್ಷಿ ಸಹಿ ಬೇಕಲ್ಲ ಅಮ್ಮ," ಎಂದರು. ತಲೆ ಎತ್ತಲಿಲ್ಲ.

ಅಪೂರ್ವ ಬಗ್ಗಿ, ತಿದ್ದಿದ ಗಂಟೆಯನ್ನು ಒಮ್ಮೆ ಓದಿದಳು. ಆಮೇಲೆ ಅವರ ಕೈಯಿಂದಲೇ ಪೆನ್ನು ತೆಗೆದುಕೊಂಡು ಸಹಿ ಹಾಕಿದಳು.